ಮೂರಕ್ಷರದ ಕನ್ಯಾಪರೀಕ್ಷೆ

ನನ್ನನ್ನು ನೋಡಲು ಬಂದ ಮೊದಲ ವರನ ಮುಖ ನನಗೆ ನೆನಪಿಲ್ಲ. ಅವನ ಸೋದರಮಾವನನ್ನು ಮಾತ್ರ ಇವತ್ತಿಗೂ ಮರೆತಿಲ್ಲ. ಅರವತ್ತರ ದಶಕದ ಆರಂಭವಿರಬೇಕು. ನಾನು ಹಿರೇಕೆರೂರಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅರಳೆ ವ್ಯಾಪಾರಕ್ಕೆಂದು ಸವಣೂರಿಗೆ ಹೋಗಿದ್ದ ಅಪ್ಪ, ಅರಳೆಯ ಜೊತೆಗೆ ನನ್ನ ವ್ಯಾಪಾರವನ್ನೂ ಮಾತಾಡಿಕೊಂಡು ಬಂದಿದ್ದ. ಸಂಬಂಧ ಕುದುರಿದರೆ ಲಗ್ನ ಯುಗಾದಿಗಿಂತ ಮೊದಲೇ ಆಗಬೇಕು, ಪರೀಕ್ಷೆಯ ಮಾತು ಎತ್ತಬಾರದು ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ. ನನಗೆ ಎರಡು ದಿನ ಊಟ ಸೇರಲಿಲ್ಲ.

ಆಗೆಲ್ಲ ಕನ್ಯಾ ನೋಡುವುದೆಂದರೆ ನಡೆಸಿ ನೋಡುವುದು, ಹಾಡು ಹೇಳಿಸುವುದು, ಸೂಜಿಗೆ ದಾರ ಪೋಣಿಸಲು ಹೇಳುವುದು. ವರನ ಸೋದರಮಾವ, ಆ ಸವಣೂರಿನ ಮಾವನವರು, ಇದಕ್ಕೆ ಸುಧಾರಣೆ ತಂದಿದ್ದರು. ಬ್ರಿಟಿಷರ ಕಾಲದಲ್ಲಿ ಯಾವುದೋ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಾಹೇಬ ಹಡಗು ಹತ್ತಿ ಹೋದರೂ ಇವರ ಕೋಟು ಮಾತ್ರ ಇಳಿದಿರಲಿಲ್ಲ. ಅವರು ಹೋದಲ್ಲೆಲ್ಲ ಪಾಟಿಯ ಮೇಲೆ ಬಳಪದಿಂದ ಮೂರು ಇಂಗ್ಲಿಷ್ ಅಕ್ಷರ ಬರೆದು, ಆ ಮೂರೂ ಬರುವ ಶಬ್ದಗಳನ್ನು ಹುಡುಗಿಯಿಂದ ಹೇಳಿಸುತ್ತಿದ್ದರಂತೆ. ಹಾನಗಲ್ಲಿನ ಹುಡುಗಿ ಒಂದೂ ಹೇಳದೆ ಒಳಗೆ ಓಡಿಹೋದಳಂತೆ. ಶಿಗ್ಗಾವಿಯ ಹುಡುಗಿ ಕೂತಲ್ಲೇ ಅತ್ತಳಂತೆ. ಇದನ್ನವರು ತಾವು ಬೇಟೆಯಾಡಿದ ಹುಲಿಗಳ ಕಥೆಯಂತೆ ಹೇಳಿಕೊಳ್ಳುತ್ತಿದ್ದರು.

ಈ ಸುದ್ದಿ ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಮೊದಲೇ ಮುಟ್ಟಿತ್ತು. ನನಗೆ ಹೆರಳು ಹಾಕುತ್ತ ಆಕೆ ಗುಟ್ಟು ಹೇಳಿಕೊಟ್ಟಳು.

"ಎರಡು ಹೇಳು, ಭಾಳಾದ್ರ ಮೂರು. ಆಮ್ಯಾಲ ತೆಲಿ ಬಗ್ಗಿಸಿ ‘ಬರಂಗಿಲ್ರಿ’ ಅನ್ನು. ಹುಡುಗ ಮ್ಯಾಟ್ರಿಕ್ ನಪಾಸ್ ಆಗ್ಯಾನ. ಅವಂಗಿಂತ ಹೆಚ್ಚಿಗಿ ಬರ್ತೈತಿ ಅಂತ ತೋರಿಸಬ್ಯಾಡ."

ಏನೂ ಬರದಿದ್ದರೆ ಹಳ್ಳಿ ಗಮಾರಿ, ಬಹಳ ಬಂದರೆ ಗಂಡುಬೀರಿ. ನಡುವೆ ಎಲ್ಲೋ ಒಂದು ಗೇಣು ಜಾಗದಲ್ಲಿ ಹೆಣ್ಣು ಕೂರಬೇಕಿತ್ತು.

ಅವರು ಬಂದರು. ಮಾವ, ವರ, ವರನ ಅಜ್ಜಿ. ಉಪ್ಪಿಟ್ಟು, ಶಿರಾ, ಚಹಾ ಮುಗಿಸಿ, ತಮ್ಮೂರಿನ ವೀಳ್ಯದೆಲೆ ಹಾಕಿಕೊಂಡು ಮಾವ ಪಾಟಿ ತರಿಸಿದರು. ಇ, ಎ, ಟಿ ಎಂದು ಬರೆದರು.

"ಈ ಮೂರೂ ಅಕ್ಷರ ಇರಬೇಕವ್ವಾ. ಹಿಂದ ಮುಂದ ಆದ್ರೂ ನಡಿತೈತಿ, ನಡುವ ಬ್ಯಾರೆ ಬಂದ್ರೂ ನಡಿತೈತಿ. ಹೇಳು ನೋಡೋಣು."

"ಟೀ," ಎಂದೆ.

"ಹಂಗಂದ್ರ?" ಅಜ್ಜಿ ಕೇಳಿದಳು. ಮುದುಕಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅರ್ಥ ಆಗದ್ದನ್ನು ಸುಮ್ಮನೆ ಒಪ್ಪಿಕೊಳ್ಳುವ ಜಾಯಮಾನವೂ ಆಕೆಯದಲ್ಲ. ಆ ಮಟ್ಟಿಗೆ ಅಲ್ಲಿ ನನಗೆ ಮೆಚ್ಚುಗೆಯಾದವಳು ಆಕೆಯೊಬ್ಬಳೇ.

"ಚಹಾರಿ."

"ಸೀಟ್" ಅಂದರೆ ಕೂರುವ ಜಾಗ. "ವ್ಹೀಟ್" ಅಂದರೆ ಗೋಧಿ. ಅಪ್ಪ ಮೀಸೆಯಡಿ ನಕ್ಕ. ಬಾಗಿಲ ಮರೆಯಿಂದ ಅತ್ತೆ ಸಾಕು ಎಂದು ಕೈ ಮಾಡಿದಳು.

ನಾನು ವರನ ಕಡೆ ನೋಡಿದೆ. ಅವನು ತನ್ನ ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಈ ಗಡಿಯಾರ ನೋಡಿಕೊಂಡು ಜನ್ಮ ಕಳೆಯಲು ನಾನು ಪರೀಕ್ಷೆ ಬಿಡಬೇಕೆ? ತಲೆ ಬಗ್ಗಿಸುವ ಬದಲು ಎತ್ತಿದೆ.

"ಮೀಟ್."

"ಹಂಗಂದ್ರ?"

"ಮಾಂಸರಿ."

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಕೂತವರ ನಡುವೆ ಆ ಶಬ್ದ ಬಿತ್ತು. "ಶಿವ ಶಿವಾ!" ಎಂದು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಯಿ ಬಿಟ್ಟವಳು ನಾನು, ಮುಚ್ಚಿಕೊಂಡವಳು ಆಕೆ.

"ಚೀಟ್. ಅಂದ್ರ ಮೋಸ."

ಅಪ್ಪ ಕೆಮ್ಮಿದ. ನಾನು ನಿಲ್ಲಲಿಲ್ಲ.

"ಡೆತ್. ಅಂದ್ರ ಸಾವು."

"ವೆರಿ ಗುಡ್!" ಎಂದರು ಮಾವ. ಸ್ಪೆಲಿಂಗ್ ಸರಿಯಿತ್ತಲ್ಲ, ಅವರಿಗೆ ಅಷ್ಟೇ ಬೇಕಾದದ್ದು. ಲಗ್ನದ ಮಾತಿಗೆ ಬಂದ ಮನೆಯಲ್ಲಿ ಸಾವಿಗೆ ಶಹಬ್ಬಾಸ್ ಹೇಳಿದ ಮನುಷ್ಯ ನಾಲ್ಕು ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು. ಅಷ್ಟರಲ್ಲಿ ಅಜ್ಜಿ ಎದ್ದು ಚಪ್ಪಲಿ ಹುಡುಕುತ್ತಿದ್ದಳು. ವರನೂ ಎದ್ದ. ಮಾವ ಪಾಟಿ ಕೆಳಗಿಟ್ಟು, ಒಲ್ಲದ ಮನಸ್ಸಿನಿಂದ ಅವರ ಹಿಂದೆ ಹೋದರು.

ಹುಡುಗಿಯ ಬಾಯಿ ಅಪಶಕುನದ್ದು ಎಂದು ಅಂಗಳದಲ್ಲೇ ಹೇಳಿ ಹೋದರು. ಅಸಲು ಸಂಕಟ ಬೇರೆ. ವರನಿಗೆ ಅಷ್ಟು ಶಬ್ದ ಬರುತ್ತಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಪ್ಪ ಒಳಗೆ ಬಂದವನೇ ಪಾಟಿಯನ್ನು ಕಾಲಿನಿಂದ ತಳ್ಳಿದ.

"ನಾಳಿಂದ ನಿನ್ನ ಸಾಲಿ ಬಂದ್! ಪರೀಕ್ಷಾನೂ ಬ್ಯಾಡ, ಏನೂ ಬ್ಯಾಡ. ಓದಿಸಿದ್ದಕ್ಕ ನನ್ನ ಮಾನ ಕಳದಿ."

ನನ್ನ ಧೈರ್ಯವೆಲ್ಲ ಅಲ್ಲಿಗೆ ಉಡುಗಿತು. ವರನನ್ನು ಓಡಿಸುವ ಭರದಲ್ಲಿ ಪರೀಕ್ಷೆಯನ್ನೂ ಓಡಿಸಿದೆನಲ್ಲ ಎಂದು ಅಳು ಬಂತು.

ಆಗ ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಅಪ್ಪನ ಎದುರು ನಿಂತು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಆಕಿ ಪರೀಕ್ಷಾಕ್ಕ ಕೂಡ್ಲಿ," ಎಂದಳು.

"ನಿನಗೇನ ತಿಳಿತೈತಿ? ಸುಮ್ನಿರು."

"ನನ್ನ ನೋಡಾಕ ನಿಮ್ಮ ಮನಿಯವರು ರಟ್ಟೀಹಳ್ಳಿಗೆ ಬಂದಿದ್ರಲ್ಲ, ಏನು ಕೇಳಿದ್ರು ನೆನಪೈತೇನ್ರಿ?"

ಅಪ್ಪ ಗೂಟದ ಕಡೆ ತಿರುಗಿದ.

"ಏನೂ ಕೇಳಲಿಲ್ಲ. ಬಾಯಿ ತೆಗಿ ಅಂದ್ರು. ಹಲ್ಲು ನೋಡಿದ್ರು."

ಅಪ್ಪ ಗೂಟದ ಮೇಲಿನ ರುಮಾಲು ತೆಗೆದುಕೊಂಡು ಪೇಟೆಯ ಕಡೆಗೆ ಹೋದ. ಮರುದಿನ ನಾನು ಶಾಲೆಗೆ ಹೊರಟಾಗ ಏನೂ ಅನ್ನಲಿಲ್ಲ.