ರಂಗೋಲಿ ಇಲ್ಲದ ಬಾಗಿಲು

ಊರಿಗೆ ಹೋಗುವವರು ಬೀಗದ ಕೈಯನ್ನು ನಮ್ಮವ್ವನ ಕೈಗೆ ಕೊಟ್ಟು ಹೋಗುವುದು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎಷ್ಟೋ ವರ್ಷದಿಂದ ನಡೆದು ಬಂದ ರೂಢಿ. ಅವ್ವ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಬೆಳಕು ಬೇಕೆಂದು ಬೆಳಗಿನಿಂದ ಸಂಜೆಯವರೆಗೂ ಜಗಲಿಯ ಮೇಲೆಯೇ ಕೂತಿರುತ್ತಿದ್ದಳು. ಬೀದಿಗೆ ಯಾರು ಬಂದರು, ಯಾರು ಹೋದರು, ಯಾವ ಮನೆಯ ಮುಂದೆ ಯಾರು ಸುಮ್ಮನೆ ನಿಂತರು, ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬಾಗಿಲ ಹಿಂದೆ ಒಂದು ದೊಡ್ಡ ಮೊಳೆ. ಬೀದಿಯ ಅರ್ಧ ಮನೆಗಳ ಬೀಗದ ಕೈ ಅದರಲ್ಲಿ ನೇತಾಡುತ್ತಿದ್ದವು. ಅಪ್ಪ ತೀರಿಹೋದ ಮೇಲೆ ನಮ್ಮ ಮನೆಗೆ ಉಳಿದಿದ್ದ ಮರ್ಯಾದೆಯೆಂದರೆ ಆ ಮೊಳೆಯೇ.

ಬೀಗದ ಕೈ ಇಟ್ಟುಕೊಂಡರಷ್ಟೇ ಸಾಲದು ಎಂಬುದು ಅವ್ವನ ಲೆಕ್ಕ. ಬೆಳಗ್ಗೆ ನಮ್ಮ ಬಾಗಿಲಿಗೆ ನೀರು ಹಾಕುವಾಗ ಬೀಗ ಬಿದ್ದ ಮನೆಗಳ ಮುಂದೆಯೂ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಟ್ಟು ಬರುತ್ತಿದ್ದಳು. ಅದೂ ಆಯಾ ಮನೆಯವರು ಬಿಡುವಂಥದ್ದೇ ರಂಗೋಲಿ! ಒಂದು ಮನೆಯವಳು ಅವಸರದವಳು, ನಾಲ್ಕು ಗೆರೆ ಎಳೆದು ಒಳಗೆ ಹೋಗುವವಳು. ಅವಳ ಬಾಗಿಲಿಗೆ ಅವ್ವನೂ ನಾಲ್ಕೇ ಗೆರೆ ಎಳೆಯುತ್ತಿದ್ದಳು. ನಾನು ನಗುತ್ತಿದ್ದೆ. ಕಳ್ಳ ಮೊದಲು ನೋಡುವುದು ಹೊಸ್ತಿಲನ್ನು, ರಂಗೋಲಿ ಇದ್ದರೆ ಒಳಗೆ ಹೆಂಗಸರಿದ್ದಾರೆ ಅಂದುಕೊಂಡು ಮುಂದಕ್ಕೆ ಹೋಗುತ್ತಾನೆ ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಪಕ್ಕದ ಬೀದಿಗಳಲ್ಲಿ ಕಳ್ಳತನವಾದರೂ ನಮ್ಮ ಬೀದಿಯಲ್ಲಿ ಒಂದು ತಂಬಿಗೆಯೂ ಹೋಗಿರಲಿಲ್ಲ.

ಎದುರು ಮನೆಯ ಚಿಕ್ಕವ್ವ ನಮಗೆ ನೆಂಟಳೇನಲ್ಲ, ಬಾಯಿ ಮಾತಿಗೆ ಚಿಕ್ಕವ್ವ. ಅವಳ ಅತ್ತೆ ಹನೂರಿನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದವರು, ತೀರಿಹೋದರು. ಸುದ್ದಿ ಬಂದ ಗಳಿಗೆಯಲ್ಲೇ ಮನೆಮಂದಿಯೆಲ್ಲ ಹೊರಟರು. ಚಿಕ್ಕವ್ವ ಅಳುತ್ತಲೇ ಬಂದು ಬೀಗದ ಕೈಯನ್ನು ಅವ್ವನ ಮಡಿಲಿಗೆ ಹಾಕಿದಳು. ತಿಥಿ ಮುಗಿಸಿಕೊಂಡೇ ಬರುವುದು ಅಂದಳು.

ಮಾರನೇ ದಿನ ಬೆಳಗ್ಗೆ ಅವ್ವ ಪೊರಕೆ ಹಿಡಿದು ಅವರ ಬಾಗಿಲಲ್ಲಿ ನಿಂತೇ ಇದ್ದಳು. ಗುಡಿಸಿದಳು, ನೀರು ಹಾಕಿದಳು. ರಂಗೋಲಿ ಮಾತ್ರ ಬಿಡಲಿಲ್ಲ. ನಾನು ಆಗ ಪಾಠ ಹೇಳುವ ಯಳಂದೂರಿನ ಶಾಲೆಗೆ ಬಸ್ಸು ಹಿಡಿಯುವ ಅವಸರದಲ್ಲಿದ್ದೆ. ಬಿಡಬಾರದೇ, ಯಾರು ಕೇಳುತ್ತಾರೆ ಅಂದೆ.

“ಸೂತ್ಕದ ಮನೆ ಕಣವ್ವ,” ಅಂದಳು. “ಸತ್ತೋರ್ಗೆ ಒಸಿ ಮರ್ವಾದೆ ಬ್ಯಾಡ್ವಾ? ಅವ್ರ ಮನೆ ದುಕ್ಕ ಅಲ್ವಾ ಅದು, ನಾನ್ ಯಾರು ಅದ್ರ ಮ್ಯಾಲೆ ರಂಗೋಲಿ ಬುಡಕೆ?”

ಹಾಗಾಗಿ ಅಷ್ಟೂ ದಿನ ಆ ಬಾಗಿಲು ಬೋಳಾಗಿಯೇ ಇತ್ತು. ಅದರ ಬದಲು ಅವ್ವ ಎರಡು ಪಾಲು ಕಾವಲು ಕಾದಳು. ಊಟವನ್ನೂ ಜಗಲಿಗೇ ತಂದುಕೊಳ್ಳುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಕುಚ್ಚು ಕಟ್ಟಿದ ಸೀರೆಗಳನ್ನು ಅಂಗಡಿಗೆ ಒಪ್ಪಿಸಿ ಬರಲೇಬೇಕಾಯಿತು. ಅವಳು ಹೋಗಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಚಿಕ್ಕವ್ವ ಮಗಳ ಮದುವೆಗೆಂದು ವರ್ಷಾನುಗಟ್ಟಲೆ ಕೂಡಿಸಿದ ಒಡವೆಯೆಲ್ಲ ಹೋಯಿತು. ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು, ಹಿತ್ತಿಲ ಬಾಗಿಲು ಮಾತ್ರ ಒಳಗಿನಿಂದ ತೆರೆದಿತ್ತು.

ಬೀಗ ಒಡೆದಿಲ್ಲ ಅಂದ ಮೇಲೆ ಬೀಗದ ಕೈ ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ಬಂತು. ಪೊಲೀಸರು ನಮ್ಮ ಜಗಲಿಯ ಮೇಲೆಯೇ ಕೂತು ಕೇಳಿದರು. ಕೈಯನ್ನು ಬೇರೆ ಯಾರಿಗಾದರೂ ಕೊಟ್ಟಿದ್ದಿರಾ, ಮನೆಗೆ ಯಾರು ಯಾರು ಬರುತ್ತಾರೆ, ಅಂಗಡಿಗೆ ಆ ಹೊತ್ತಿಗೇ ಏಕೆ ಹೋದಿರಿ. ಅವರ ಕೆಲಸ ಅವರು ಮಾಡಿದರು, ನಾನು ಬೇಡವೆನ್ನುವುದಿಲ್ಲ. ಆದರೆ ಬೀದಿಗೆ ಬೀದಿಯೇ ನಿಂತು ಕೇಳಿಸಿಕೊಂಡಿತು. ಸುದ್ದಿ ತಿಳಿದು ಹನೂರಿನಿಂದ ಬಂದಿದ್ದ ಚಿಕ್ಕವ್ವನೂ ಅಲ್ಲೇ ಕಂಬಕ್ಕೊರಗಿ ನಿಂತಿದ್ದಳು. ಅವ್ವ ಒಂದೆರಡು ಸಲ ಅವಳ ಮುಖ ನೋಡಿದಳು. ಅವಳು ಕಣ್ಣು ಎತ್ತಲಿಲ್ಲ.

ಆಮೇಲೆ ನಮ್ಮ ಬಡಾವಣೆಯ ಶಾಲೆಯ ಅಂಗಳದಲ್ಲಿ ಪೊಲೀಸರು ಎಲ್ಲರ ಸಭೆ ಸೇರಿಸಿದರು. ಬೀದಿಯ ತುದಿಗೆ ಕ್ಯಾಮೆರಾ ಹಾಕಿಸಿ, ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ, ಬೀಗದ ಕೈ ಅಕ್ಕಪಕ್ಕದವರಿಗೆ ಕೊಡಬೇಡಿ ಎಂದರು. ಎಲ್ಲವೂ ಒಳ್ಳೆಯ ಮಾತೇ. ನಮ್ಮ ಬೀದಿಯವರಿಗೆ ಕೊನೆಯ ಮಾತೊಂದೇ ಸಾಕಾಯಿತು. ಒಬ್ಬೊಬ್ಬರಾಗಿ ಬಂದರು. ಒಬ್ಬರು ಹೊಸ ಬೀಗ ತಂದಿದ್ದರಂತೆ. ಇನ್ನೊಬ್ಬರ ಮಗನಿಗೆ ಇನ್ನೊಂದು ಕೈ ಬೇಕಾಗಿತ್ತಂತೆ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ, ಅದೇ ನನ್ನ ಮೈಯೆಲ್ಲ ಉರಿಸಿತು. ಬಾಯಿಬಿಟ್ಟು ಅಂದಿದ್ದರೆ ನಾನೂ ಬಾಯಿಬಿಟ್ಟು ಉತ್ತರ ಕೊಡುತ್ತಿದ್ದೆ. ಅವ್ವ ಪ್ರತಿಯೊಬ್ಬರಿಗೂ ಕಾಫಿ ಕೊಟ್ಟು, ಮೊಳೆಯಿಂದ ಕೈ ತೆಗೆದುಕೊಟ್ಟು ಕಳಿಸಿದಳು. ಕೊನೆಗೆ ಮೊಳೆ ಖಾಲಿಯಾಯಿತು. ಅದರ ಮಾರನೇ ದಿನ ಕುಚ್ಚಿನ ಕೆಲಸವನ್ನು ನಡುಮನೆಗೆ ಸಾಗಿಸಿ, ಹಗಲಲ್ಲೂ ದೀಪ ಹಾಕಿಕೊಂಡು ಕೂತಳು.

ಕೆಲವು ತಿಂಗಳು ಕಳೆದ ಮೇಲೆ ಕಳ್ಳ ಸಿಕ್ಕಿದ. ಇನ್ನೊಂದು ಕಡೆ ಕದಿಯುವಾಗ ಸಿಕ್ಕಿಬಿದ್ದವನು ಹಳೆಯದನ್ನೂ ಒಪ್ಪಿಕೊಂಡನಂತೆ. ಮೊಪೆಡ್ಡಿನಲ್ಲಿ ಪ್ಲಾಸ್ಟಿಕ್ ಸಾಮಾನು ಮಾರುತ್ತಾ ಬಾಗಿಲುಗಳನ್ನು ನೋಡಿಕೊಂಡು ಹೋಗುತ್ತಿದ್ದವನು. ದಿನವೂ ರಂಗೋಲಿ ಇಲ್ಲದ ಬಾಗಿಲು ಅದೊಂದೇ ಕಂಡಿತಂತೆ. ಹಿತ್ತಿಲ ಕಡೆಯಿಂದ ಹೆಂಚು ತೆಗೆದು ಇಳಿದು, ಹಿತ್ತಿಲ ಬಾಗಿಲು ತೆರೆದುಕೊಂಡು ಹೊರಬಂದು, ಹೆಂಚನ್ನು ಮತ್ತೆ ಹೊಂದಿಸಿಟ್ಟು ಹೋದನಂತೆ. ಒಡವೆಯನ್ನು ಕರಗಿಸಿಯಾಗಿತ್ತು. ಈ ಸುದ್ದಿ ಬೀದಿಯ ಎಲ್ಲರಿಗೂ ತಿಳಿಯಿತು.

ಆವತ್ತು ಅವ್ವ ಬೇಗ ತಲೆ ಬಾಚಿಕೊಂಡು, ಕಾಫಿಗೆ ಹಾಲು ಹೆಚ್ಚಾಗಿ ತರಿಸಿ, ಜಗಲಿಗೆ ಬಂದು ಕೂತಳು. ಯಾರಾದರೂ ಬರುತ್ತಾರೆಂದು ಕಾಯುತ್ತಿದ್ದಳು. ಯಾರೂ ಬರಲಿಲ್ಲ. ಅವರಿಗೆ ನಾಚಿಕೆಯಾಗಿತ್ತು ಎಂದು ಈಗ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾಚಿಕೆಯಾದವರಿಗೆ ನಮ್ಮ ಜಗಲಿಯವರೆಗೆ ನಡೆದು ಬರಲು ಕಾಲಿರಲಿಲ್ಲವೇ? ಸಂಜೆ ಅವ್ವ ಎದ್ದು ಒಳಗೆ ಹೋದಳು. ಮತ್ತೆ ಜಗಲಿಯ ಮೇಲೆ ಕೂರಲಿಲ್ಲ. ಕಳೆದ ವರ್ಷ ಚಳಿಗಾಲದಲ್ಲಿ ಎದೆನೋವು ಎಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಹೆಣವಾಗಿ ಬಂದಳು.

ಬೂದಿಯನ್ನು ಕಾವೇರಿಗೆ ಬಿಡಲು ನಾನೂ ಸೋದರಮಾವನೂ ಹೊರಟಾಗ ಬಾಗಿಲಿಗೆ ಬೀಗ ಹಾಕಿದೆ. ಚಿಕ್ಕವ್ವ ಬೀದಿ ದಾಟಿ ಬಂದು ಕೈ ಚಾಚಿದಳು. ಬೀಗದ ಕೈಯನ್ನು ಕೊಟ್ಟು ಹೋಗು ಅಂದಳು. ನಾನು ಅವಳ ಮುಖ ನೋಡಿಕೊಂಡೇ ಅದನ್ನು ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದೆ.

ಸಂಜೆ ವಾಪಸು ಬಂದಾಗ ಅವಳು ನಮ್ಮ ಜಗಲಿಯ ಮೇಲೆ, ಅವ್ವ ಕೂರುತ್ತಿದ್ದ ಮೂಲೆಯಲ್ಲೇ ಕೂತಿದ್ದಳು. ಪಕ್ಕದಲ್ಲಿ ನೀರಿನ ಚೊಂಬು, ತಿಂದು ಮುಚ್ಚಿಟ್ಟ ಡಬ್ಬಿ. ಬೆಳಗಿನಿಂದ ಎದ್ದಿರಲಿಲ್ಲವೆಂದು ಪಕ್ಕದ ಮನೆಯವರು ಹೇಳಿದರು.

“ಬಾಗ್ಲು ಬೋಳಾಗಿ ಅದಲ್ಲ ಕೂಸು, ರಂಗೋಲಿ ಬುಡಂಗಿಲ್ಲ. ಅದ್ಕೆ ನಾನ್ ಕೂತಿದ್ದಿ,” ಅಂದಳು. ಆಮೇಲೆ ಚೊಂಬನ್ನು ಪಕ್ಕಕ್ಕೆ ಸರಿಸಿ ಹೇಳಿದಳು, “ನಿಮ್ಮವ್ವ ಅವತ್ತು ರಂಗೋಲಿ ಬುಡ್ದೆ ಇದ್ದುದ್ದು ನಮ್ಮತ್ತೆ ಮರ್ವಾದೆಗೆ ಅಂತ ನಂಗೊತ್ತಿತ್ತು. ಅವ್ಳು ಅಂತೋಳಲ್ಲ ಅಂತ ಪೊಲೀಸ್ನೋರು ಕೇಳ್ವಾಗ್ಲೂ ಗೊತ್ತಿತ್ತು. ಮಗ್ಳ ಒಡ್ವೆ ಓಯ್ತಲ್ಲ ಅನ್ನೋ ಸಂಕ್ಟಕ್ಕೆ ನಾನ್ ಬಾಯ್ ಮುಚ್ಕಂಡ್ಬುಟ್ಟಿ.”

“ಇದ್ನ ಅವ್ವನ ಮುಂದೆ ಹೇಳ್ಬೇಕಾಗಿತ್ತು ಚಿಕ್ಕವ್ವ,” ಅಂದೆ. “ಕಾಯ್ತಾ ಕೂತಿದ್ಲು. ನನ್ ಮುಂದೆ ಹೇಳಿ ಏನ್ ಬಂತು?”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಮನಸ್ಸು ಬರಲಿಲ್ಲ.

ತಿಥಿ ಮುಗಿದು ಮತ್ತೆ ಶಾಲೆಗೆ ಹೊರಟ ದಿನ ಬಾಗಿಲಿಗೆ ನಾನೇ ರಂಗೋಲಿ ಬಿಟ್ಟೆ. ಗೆರೆಗಳು ಸೊಟ್ಟಗಾದವು. ಬೀಗ ಹಾಕಿ ತಿರುಗಿದರೆ ಚಿಕ್ಕವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಕೈ ಚಾಚಲಿಲ್ಲ. ದಿನಾ ಬೆಳಗಿನಿಂದ ಸಂಜೆಯವರೆಗೆ ನಮ್ಮ ಮನೆ ಇನ್ನು ಬೀಗ ಬಿದ್ದ ಮನೆ. ಬೀದಿಯವರ ಬೀಗದ ಕೈಯೆಲ್ಲ ಇಟ್ಟುಕೊಳ್ಳುತ್ತಿದ್ದವಳು ಹೋದ ಮೇಲೆ ನಮ್ಮ ಮನೆಯ ಕೈಯನ್ನು ಯಾರಿಗೆ ಕೊಡಲಿ? ಬೀದಿ ದಾಟಿ ಹೋಗಿ ಚಿಕ್ಕವ್ವನ ಕೈಗೇ ಕೊಟ್ಟೆ. ಯಳಂದೂರು ಬರುವವರೆಗೂ ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆ.