ಹರಗೋಲಿನಲ್ಲಿ ಎದ್ದು ನಿಂತ ಮುಖಂಡರು

ಕೃಷ್ಣೆಯ ನಡುವೆ ನಮ್ಮದೊಂದು ನಡುಗಡ್ಡೆಯ ಊರು. ಹುನಗುಂದದ ಸಂತೆಗೆ ಹೋಗಲಿ, ಬಾಗಲಕೋಟೆಯ ಕಚೇರಿಗೆ ಹೋಗಲಿ, ಮೊದಲು ನನ್ನ ಹರಗೋಲು ಹತ್ತಬೇಕು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ಹುಟ್ಟು ಹಿಡಿದವನು ನಾನು. ಹತ್ತಿದವರನ್ನು ಮೈತೂಕ ನೋಡಿ ಕೂರಿಸುವುದು ನನ್ನ ಕೆಲಸ. ಕೂತವರು ದಂಡೆ ಮುಟ್ಟುವವರೆಗೆ ಏಳಬಾರದು. ಅದು ನಮ್ಮಪ್ಪನ ಕಾಲದ ಕಟ್ಟಳೆ. ಗೌಡರಿಗೂ ಅದೇ, ಆಡಿಗೂ ಅದೇ.

ಐವತ್ತರ ದಶಕದಲ್ಲಿ ಲೋಕಲ್ ಬೋರ್ಡಿನ ಚುನಾವಣೆ ಬಂತು. ನಮ್ಮೂರವರೊಬ್ಬರು ನಿಂತರು. ಚಿಕ್ಕಂದಿನಿಂದಲೂ ಅವರಿಗೆ ಮಾತೆಂದರೆ ಜೀವ. ಹೊಲದಲ್ಲಿ ಯಾರೂ ಸಿಗದಿದ್ದರೆ ಎತ್ತುಗಳಿಗೇ ಭಾಷಣ. ಗಡ್ಡೆಯ ಓಟು ಹೇಗೂ ಅವರವೇ. ಗೆಲ್ಲಬೇಕಾದರೆ ಮಾತ್ರ ದಂಡೆಯ ಊರು ಒಲಿಯಬೇಕು. ಎದುರಾಳಿ ಹಿಂದಿನ ದಿನವೇ ಅಲ್ಲಿ ಗಂಟಲು ಹರಿಯುವಷ್ಟು ಮಾತಾಡಿ ಹೋಗಿದ್ದ.

ನಮ್ಮವರು ಇಸ್ತ್ರಿಯ ಧೋತರ ಉಟ್ಟು, ರುಮಾಲು ಸುತ್ತಿ ಬಂದು ಕೂತರು. ಮಗ್ಗುಲಲ್ಲಿ ಒಬ್ಬ ಅಜ್ಜಿ ಮತ್ತು ಅವಳ ಹೋತ. ಹೊಳೆ ಇನ್ನೂ ಸೆಳವಿನಲ್ಲಿತ್ತು. ಆಚೆ ದಂಡೆಯಲ್ಲಿ ನೆರೆದ ಜನ ಹಲಗೆ ಬಾರಿಸುವ ಸದ್ದು ಕೇಳಿದ್ದೇ ತಡ, ನಡುಹೊಳೆಯಲ್ಲಿ ಎದ್ದು ನಿಂತು ಕೈ ಮುಗಿದರು.

“ಕುಂದರ್ರಿ ಮಾಮಾ!” ಎಂದೆ.

“ಓಟು ಕೇಳಾವ ಕುಂತು ಕೈ ಮುಗೀತಾನೇನಲೇ?”

ಬುಟ್ಟಿಯಂತೆ ದುಂಡಗಿರುವ ಹರಗೋಲಿಗೆ ಮುಂದು ಹಿಂದು ಇಲ್ಲ. ಸೆಳವು ಸಿಕ್ಕರೆ ಗರಗರ ತಿರುಗುತ್ತದೆ. ಜನರಿಗೆ ಮುಗಿದ ಕೈ ಖಾಲಿ ಹೊಳೆಗೆ ಹೋಯಿತು, ಆಮೇಲೆ ಹೋತಕ್ಕೆ. ದಂಡೆಗೆ ಮುಖ ಕೊಡಲು ಇವರೂ ಸುತ್ತತೊಡಗಿದರು. ಹರಗೋಲು ಬಲಕ್ಕೆ, ಮುಖಂಡರು ಎಡಕ್ಕೆ.

“ಎಪ್ಪಾ, ನಮ್ಮ ಹೋತಕ್ಕ ಓಟಿಲ್ಲೋ!” ಎಂದಳು ಅಜ್ಜಿ.

“ತಿರಗಸಬ್ಯಾಡಲೇ!” ಎಂದು ನನ್ನನ್ನು ಬೈದರು.

“ನಾ ಎಲ್ಲಿ ತಿರಗಸ್ತೇನ್ರಿ? ಹೊಳಿ ತಿರಗಸ್ತೈತಿ. ನೀವು ಕುಂತ್ರ ನಮ್ಮ ಪುಣ್ಯ!”

ಕೊನೆಗೂ ಕೂತರು, ಹೋತದ ಮೇಲೆ.

ದಂಡೆಗಿಳಿದಾಗ ಮುಖ ಸುಣ್ಣದಂತಾಗಿತ್ತು. ಬೇವಿನ ಗಿಡವನ್ನು ತಬ್ಬಿಕೊಂಡು “ಬಂಧುಗಳೇ” ಎಂದು ಬಾಯಿ ತೆರೆದರು. ಮಾತಿನ ಬದಲು ಬೆಳಗಿನ ರೊಟ್ಟಿ ಝುಣಕ ಹೊರಬಂತು. ಹಲಗೆ ನಿಂತಿತು. ಓಟು ಹೊಳೆಪಾಲಾಯಿತೆಂದು ನಾನು ಹುಟ್ಟು ಕೆಳಗಿಟ್ಟೆ.

ಆಗ ಆ ಊರಿನ ಹಿರಿಯರೊಬ್ಬರು, “ನಿನ್ನಿ ಬಂದಾವ ಸೇತುವಿ ಕಟ್ಟಸ್ತೇನಿ ಅಂತ ಹೊತ್ತು ಮುಳಗೂತನಕ ಒದರಿದ. ಅದು ಯಾಕ ಬೇಕಂತ ಖರೆ ಗೊತ್ತಿದ್ದಾವ ಇವ ಒಬ್ಬನ ನೋಡ್ರೆಪಾ!” ಎಂದರು. ಜನ ಬಿದ್ದು ಬಿದ್ದು ನಕ್ಕರು. ನಕ್ಕವರೇ ಓಟನ್ನೂ ಹಾಕಿದರು. ನಮ್ಮವರು ಗೆದ್ದರು.

ಆಮೇಲೆ ಅಮೀನಗಡ, ಇಳಕಲ್ಲಿನವರೆಗೂ ಅವರ ಸಭೆಗಳು ನಡೆದವು. ಭಾಷಣ ಉದ್ದವಾದರೆ ಹಿಂದಿನಿಂದ ಯಾರಾದರೂ “ಹರಗೋಲು ತರಸ್ರಿಲೇ!” ಎಂದು ಕೂಗಿದರೆ ಸಾಕು, ನೀರು ಕುಡಿದು ಮುಗಿಸಿಬಿಡುತ್ತಿದ್ದರು. ಸೇತುವೆ ಮಾತ್ರ ಅಷ್ಟು ಬೇಗ ಬರಲಿಲ್ಲ. ಎಲ್ಲಿಗೆ ಹೊರಟರೂ ನನ್ನ ಹರಗೋಲೇ ಗತಿ. ಹತ್ತಿದ ಕೂಡಲೇ ಆಡುಗಳ ನಡುವೆ ಕುಳಿತು, ಕಣ್ಣು ಮುಚ್ಚಿ, ನನಗೊಬ್ಬನಿಗೇ ಕೈ ಮುಗಿಯುತ್ತಿದ್ದರು.