ಅಣ್ಣನಿಗೆ ಯೂಸಾಲ್, ತಮ್ಮನಿಗೆ ಪ್ಲಾಸ್ಟರ್

೧೯೫೨ರಲ್ಲಿ ನಾನು ರಾಮದುರ್ಗದ ಕಡೆಯ ಒಂದು ಸರಕಾರಿ ದವಾಖಾನೆಯಲ್ಲಿ ಮೆಡಿಕಲ್ ಆಫೀಸರ್ ಆಗಿದ್ದೆ. ಸಂಸ್ಥಾನ ವಿಲೀನವಾಗಿ ಕೆಲವೇ ವರ್ಷಗಳಾಗಿದ್ದವು. ಆ ಭಾಗ ಆಗ ಮುಂಬಯಿ ರಾಜ್ಯದಲ್ಲಿತ್ತು. ವೈದಿಕರ ಮನೆಯಲ್ಲಿ ಹುಟ್ಟಿ ಡಾಕ್ಟರಿಕೆ ಕಲಿತವನು ನಾನು. ಹೆಣ ಕೊಯ್ದ ಕೈ ಎಂದು ನನ್ನ ಸೋದರತ್ತೆ ಬಹಳ ದಿನ ನಾನು ಕೊಟ್ಟ ನೀರು ಕುಡಿಯಲಿಲ್ಲ. ದವಾಖಾನೆಯಲ್ಲಿ ನಾನು, ಒಬ್ಬ ಕಂಪೌಂಡರ್, ಒಬ್ಬ ನರ್ಸಬಾಯಿ, ಇಷ್ಟೇ ಜನ. ಎಕ್ಸ್‌ರೇ ಇರಲಿಲ್ಲ. ದೊಡ್ಡ ಕೇಸುಗಳನ್ನು ಯರಗಟ್ಟಿ ದಾರಿಯಿಂದ ಬೆಳಗಾವಿಗೆ ಕಳಿಸುತ್ತಿದ್ದೆವು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಜೋರು ಮಳೆಯಲ್ಲಿ, ಒಂದೇ ಚಕ್ಕಡಿಯಲ್ಲಿ ಅಣ್ಣತಮ್ಮಂದಿರಿಬ್ಬರನ್ನು ತಂದರು. ಅಣ್ಣ ಬಸವಣ್ಣೆಪ್ಪ, ತಮ್ಮ ಈರಪ್ಪ. ಮಳೆಗಾಲ ಹಿಡಿಯುವ ಮುಂಚೆ ಬಾವಿ ಮುಗಿಸಬೇಕೆಂದು ಬಂಡೆಗೆ ಮದ್ದು ತುಂಬಿ ಹಾರಿಸುತ್ತಿದ್ದರಂತೆ. ಸಿಡಿಯದೆ ಉಳಿದ ಒಂದು ಮದ್ದು ಇಬ್ಬರೂ ಕೆಳಗಿಳಿದಾಗ ಸಿಡಿದಿತ್ತು. ಇಬ್ಬರಿಗೂ ಮೊಣಕಾಲ ಕೆಳಗೆ ಎಲುಬು ಮುರಿದು, ಚರ್ಮ ಹರಿದು ಹೊರಗೆ ಬಂದಿತ್ತು. ಇದಕ್ಕೆ ಕಾಂಪೌಂಡ್ ಫ್ರ್ಯಾಕ್ಚರ್ ಎನ್ನುತ್ತೇವೆ. ಮುರಿದ ಎಲುಬಿಗಿಂತ, ಗಾಯದೊಳಗೆ ಹೊಕ್ಕ ಹೊಲಸೇ ಇಲ್ಲಿ ಹೆಚ್ಚು ಅಪಾಯ.

ಬೆಳಗಾವಿ ದಾರಿಯ ಹಳ್ಳ ತುಂಬಿ ಬಸ್ಸು ನಿಂತಿತ್ತು. ದಾರಿ ತೆರೆಯುವವರೆಗೆ ಆ ಗಾಯಗಳನ್ನು ಕಾಯ್ದುಕೊಳ್ಳುವುದು ನನ್ನ ಪಾಲಿಗೆ ಬಂತು. ಅದಕ್ಕೆ ಆಗ ಎರಡು ದಾರಿಗಳಿದ್ದವು. ಒಂದು, ಗಾಯ ತೆರೆದಿಟ್ಟು, ಬ್ಲೀಚಿಂಗ್ ಪೌಡರಿನಿಂದ ಮಾಡಿದ ಯೂಸಾಲ್ ಎಂಬ ದ್ರವದಲ್ಲಿ ದಿನವೂ ತೊಳೆದು ಬಟ್ಟೆ ಬದಲಿಸುವುದು. ಇನ್ನೊಂದು, ಯುದ್ಧಕಾಲದಲ್ಲಿ ಹೆಸರಾದದ್ದು: ಸತ್ತ ಮಾಂಸ ಕತ್ತರಿಸಿ ತೆಗೆದು, ವ್ಯಾಸಲಿನ್ ಹಚ್ಚಿದ ಅರಿವೆ ತುಂಬಿ, ಮೇಲೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಮುಟ್ಟದೆ ಬಿಡುವುದು. ಆದರೆ ಒಳಗೆ ಹೊಲಸು ಉಳಿದಿದ್ದರೆ ಆ ಪ್ಲಾಸ್ಟರೇ ಕಾಲನ್ನು ಕೊಳೆಸುತ್ತದೆ.

ಈರಪ್ಪನ ಗಾಯ ಸ್ವಚ್ಛವಾಯಿತು. ಅವನಿಗೆ ಪ್ಲಾಸ್ಟರ್ ಹಾಕಿದೆ. ಬಸವಣ್ಣೆಪ್ಪನ ಮೀನಖಂಡದಲ್ಲಿ ಕಲ್ಲಿನ ಪುಡಿ, ರಾಡಿ ಆಳಕ್ಕಿಳಿದಿತ್ತು. ಎಷ್ಟು ತೊಳೆದರೂ ಬರುತ್ತಲೇ ಇತ್ತು. ಮುಚ್ಚುವ ಧೈರ್ಯವಾಗಲಿಲ್ಲ. ಕಾಲನ್ನು ಕಬ್ಬಿಣದ ಸ್ಪ್ಲಿಂಟಿಗೆ ಕಟ್ಟಿ ಗಾಯ ತೆರೆದೇ ಇಟ್ಟೆ. ಇದ್ದ ಪೆನಿಸಿಲಿನ್ ಇಬ್ಬರಿಗೂ ಕೊಟ್ಟೆ.

ದಿನವೂ ಬಟ್ಟೆ ಬಿಚ್ಚುವಾಗ ಬಸವಣ್ಣೆಪ್ಪ ಕೂಗುವುದು ಬೀದಿಗೆ ಕೇಳುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಈರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಇಬ್ಬರ ಆರೈಕೆಗೂ ಇದ್ದವಳು ಬಸವಣ್ಣೆಪ್ಪನ ಹೆಂಡತಿ ಗಂಗವ್ವ. ಒಂದು ಮುಂಜಾನೆ ಅವಳು ನನಗೆ ಅಡ್ಡ ನಿಂತಳು.

“ಸಾಹೇಬ್ರ, ನನ್ನ ಮೈದುನ ಕಣ್ತುಂಬ ನಿದ್ದಿ ಮಾಡತಾನ. ಇವರನ್ನ ದಿನಾ ಯಾಕ ಕೊಲ್ಲತೀರಿ? ಇವರಿಗೂ ಹಂಗ ಹಾಕ್ರಿ. ಸುಣ್ಣ ಕಮ್ಮಿ ಬಿದ್ದಿದ್ರ ಹೇಳ್ರಿ, ನಮ್ಮ ಮನ್ಯಾಗ ಐತಿ, ತರಸತೇನಿ.”

“ಅದು ಸುಣ್ಣ ಅಲ್ಲವ್ವಾ. ಇವರ ಗಾಯದಾಗ ಇನ್ನೂ ಹೊಲಸದ. ಮುಚ್ಚಿದ್ರ ಒಳಗ ಕೊಳೀತದ.”

ಅವಳು ನಂಬಲಿಲ್ಲ. ನಂಬಿದವನು ಬಸವಣ್ಣೆಪ್ಪ. “ಸುಮ್ನಿರ ನೀ,” ಎಂದ ಹೆಂಡತಿಗೆ. “ಸಾಹೇಬ್ರಿಗೆ ಗೊತ್ತಿರತೈತಿ.”

ಮಳೆ ಬಿಡಲಿಲ್ಲ. ಈರಪ್ಪನ ಪ್ಲಾಸ್ಟರು ನಾರತೊಡಗಿತು, ನೊಣ ಮುತ್ತಿದವು. ಆದರೆ ಅವನಿಗೆ ಜ್ವರವಿರಲಿಲ್ಲ. ಬಸವಣ್ಣೆಪ್ಪನ ಗಾಯ ಮೊದಲು ಕೆಂಪಾಗಿ ಆಸೆ ಹುಟ್ಟಿಸಿತು. ಆಮೇಲೆ ಒಂದು ದಿನ ಬಟ್ಟೆಯ ಮೇಲೆ ಹಸಿರು ಕೀವು ಕಂಡಿತು. ಆ ಹಸಿರು ಕೀವಿನ ರೋಗಾಣುವಿಗೆ ಪೆನಿಸಿಲಿನ್ ನಾಟುವುದಿಲ್ಲ. ಅದು ಬಾವಿಯ ರಾಡಿಯಲ್ಲೇ ಬಂದಿತ್ತೋ, ದಿನವೂ ಗಾಯ ಬಿಚ್ಚುವಾಗ ಹೊಕ್ಕಿತೋ ಹೇಳುವಂತಿರಲಿಲ್ಲ. ನಡುಕದ ಜ್ವರ ಹತ್ತಿತು.

ಹಳ್ಳ ಇಳಿದ ದಿನವೇ ಇಬ್ಬರನ್ನೂ ಲಾರಿಯಲ್ಲಿ ಮಲಗಿಸಿಕೊಂಡು ನಾನೇ ಬೆಳಗಾವಿಗೆ ಹೋದೆ. ಅಲ್ಲಿ ಬಸವಣ್ಣೆಪ್ಪನ ಕಾಲನ್ನು ತೊಡೆಯ ಮಟ್ಟದಲ್ಲಿ ತೆಗೆದರು. ನಂಜು ಆಗಲೇ ರಕ್ತಕ್ಕೆ ಇಳಿದಿತ್ತು, ಅವನು ಉಳಿಯಲಿಲ್ಲ. ಅದೇ ವಾರ ಈರಪ್ಪನ ಪ್ಲಾಸ್ಟರ್ ಕತ್ತರಿಸಿದಾಗ, ಆ ದುರ್ನಾತದ ಕೆಳಗೆ ಗಾಯ ಕೆಂಪಗೆ, ಆರೋಗ್ಯವಾಗಿ ತುಂಬಿಕೊಂಡಿತ್ತು.

ಅಲ್ಲಿಯ ಹಿರಿಯ ಸರ್ಜನ್ನರು ನನ್ನನ್ನು ಹೊರಗೆ ಕರೆದರು. “ನೀವು ಮಾಡಿದ್ದು ಸರಿ ಅದ. ಮುಚ್ಚಿದ್ರ ಗ್ಯಾಂಗ್ರೀನ್ ಆಗಿ ಇನ್ನೂ ಮೊದಲ ಹೋಗತಿದ್ದ, ಬಹುಶಃ.”

“ಬಹುಶಃ ಅಂದ್ರ?”

“ಬರೇ ಇಬ್ಬರನ್ನ ನೋಡಿ ಯಾರಿಗೂ ಹೇಳಲಿಕ್ಕೆ ಬರೂದಿಲ್ಲ.”

ದೀಪಾವಳಿ ಕಳೆದ ಮೇಲೆ ಈರಪ್ಪ ಕೋಲೂರಿಕೊಂಡು ಕಾಲು ತೋರಿಸಲು ಬಂದ. ಜೊತೆಗೆ ಗಂಗವ್ವ ಬಂದಿದ್ದಳು. ಎಲುಬು ಕೂಡಿತ್ತು. ಚೆನ್ನಾಗಿದೆ ಎಂದೆ. ಅವನು ಅತ್ತಿಗೆಯತ್ತ ತಲೆ ಎತ್ತಲಿಲ್ಲ.

“ಕಾಲು ಐತ್ರಿ. ವೈನಿ ಮುಂದ ಅದನ್ನ ಊರಿ ನಡ್ಯಾಕ ಮಾರಿ ಇಲ್ಲ.”

ಗಂಗವ್ವ ಅವನನ್ನು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನನ್ನು ನೋಡಿ, “ಇಬ್ಬರಿಗೂ ಒಂದ ಥರಾ ಮಾಡಬೇಕಿತ್ರಿ,” ಎಂದಳು. “ಇಬ್ಬರೂ ಸತ್ತಿದ್ರ ದೇವರ ಆಟ ಅಂತಿದ್ದೆ. ಈಗ ಯಾರ್ನ ಅನ್ನಲಿ?”

ಗಾಯಗಳು ಬೇರೆ ಬೇರೆ ಇದ್ದವು ಎಂದು ಮತ್ತೆ ವಿವರಿಸಲು ಬಾಯಿ ತೆರೆದೆ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಈರಪ್ಪ ಸ್ವಲ್ಪ ಹಿಂದೆ ಉಳಿದು, ಅವಳು ದೂರ ಹೋಗಲೆಂದು ಕಾಯ್ದು, ಆಮೇಲೆ ನಡೆದ.

ಇಂಥ ಗಾಯಗಳಿಗೆ ಯಾವ ಉಪಚಾರ ಮೇಲು ಎಂದು ಕಿರಿಯ ವೈದ್ಯರು ಕೇಳಿದಾಗ, ದೊಡ್ಡ ಆಸ್ಪತ್ರೆಗಳ ಅನುಭವ ಏನು ಹೇಳುತ್ತದೋ ಅದನ್ನೇ ಹೇಳುತ್ತ ಬಂದೆ. ನನ್ನ ಎರಡು ಹಾಸಿಗೆಗಳಿಂದ ನಾನು ಕಲಿತದ್ದು ಬೇರೆ. ಸರಿಯೆಂದು ತಿಳಿದು ಮಾಡಿದ ಕೆಲಸ ನಿಜಕ್ಕೂ ಸರಿಯಾಗಿತ್ತೇ ಎಂಬುದು ಕೊನೆಯವರೆಗೂ ತಿಳಿಯದೆ ಹೋಗಬಹುದು. ಅದನ್ನು ಹೊತ್ತುಕೊಂಡೇ ಮರುದಿನ ದವಾಖಾನೆಯ ಬಾಗಿಲು ತೆಗೆಯಬೇಕಾಗುತ್ತದೆ.